‘ತಾನೇ ಸರಿ ಹೋಗುತ್ತೆ’ ಅನ್ನೋದನ್ನ ಮೊದಲು ನಿಲ್ಲಿಸಿ

1/5
ಫೋಟೋದಲ್ಲಿರೋದು ಕರಿಯ, ನಮ್ಮ ಬೀದಿ ನಾಯಿ. ಹಿಂದಿನ ಬಲಗಾಲು ಎತ್ತಿಕೊಂಡೇ ನಿಂತಿದ್ದಾನೆ ನೋಡಿ. ಬೈಕ್ ಗುದ್ದಿದ ಸಂಜೆ ತೆಗೆದಿದ್ದು. ಅವತ್ತು ನಾನು ಸ್ಟೋರಿ ಹಾಕಿದೆ, ನೀವು ಅಳೋ ಇಮೋಜಿ ಕಳಿಸಿದ್ರಿ. ಆಸ್ಪತ್ರೆಗೆ ಮಾತ್ರ ಯಾರೂ ಕರ್ಕೊಂಡು ಹೋಗಲಿಲ್ಲ. "ಬೀದಿ ನಾಯಿ ಗಟ್ಟಿ ಕಣೇ, ತಾನೇ ಸರಿ ಹೋಗುತ್ತೆ" ಅಂದ್ರು. ಇಂಟರ್ನಲ್ಸ್ ಇತ್ತಲ್ಲ, ನಂಬೋದು ನನಗೂ ಸುಲಭವಾಗಿತ್ತು.

2/5
ಕರಿಯನಿಗೆ ಆಗಿದ್ದು ಸೊಂಟದ ಕೀಲು ತಪ್ಪಿದ್ದು. ತೊಡೆಮೂಳೆಯ ತುದಿ ಚೆಂಡಿನ ಹಾಗೆ ಗುಂಡಗಿರುತ್ತೆ, ಸೊಂಟದ ಮೂಳೆಯ ಗುಳಿಯಲ್ಲಿ ಕೂತಿರುತ್ತೆ. ಜೋರಾಗಿ ಏಟು ಬಿದ್ದಾಗ ಲಿಗಮೆಂಟ್ ಹರಿದು ಚೆಂಡು ಆಚೆ ಜಾರುತ್ತೆ, ಹೆಚ್ಚಾಗಿ ಮೇಲಕ್ಕೆ, ಮುಂದಕ್ಕೆ. ಅದಕ್ಕೇ ಕಾಲು ಗಿಡ್ಡ ಕಾಣೋದು. ರಕ್ತ ಬರಲ್ಲ, ಹಾಗಾಗಿ ನಮಗೆ ಸೀರಿಯಸ್ ಅನ್ನಿಸಲ್ಲ.

3/5
ಮೊದಲ ಕೆಲವು ದಿನಗಳಲ್ಲಿ ತೋರಿಸಿದ್ರೆ ಡಾಕ್ಟರ್ ಅರಿವಳಿಕೆ ಕೊಟ್ಟು, ಕೊಯ್ಯದೇ ಕೂರಿಸೋಕೆ ನೋಡ್ತಾರೆ. ಆಮೇಲೆ ಕಾಲು ಮಡಿಸಿ ಬ್ಯಾಂಡೇಜ್. ತಡವಾದಷ್ಟೂ ಸ್ನಾಯು ಬಿಗಿಯುತ್ತೆ, ಖಾಲಿ ಗುಳಿ ತುಂಬಿಕೊಳ್ಳುತ್ತೆ. ಲೇಟಾದ್ರೆ ಬಡ್ಡಿ ಎಷ್ಟು ಅಂತ ಬಿಕಾಂನವರಿಗೆ ಹೇಳಿಕೊಡಬೇಕಾ? ಇಲ್ಲಿ ಆ ಬಡ್ಡಿ ಕಟ್ಟಿದ್ದು ಕರಿಯ. ನಾನು ಕರ್ಕೊಂಡು ಹೋಗಿದ್ದು 9ನೇ ದಿನ. ಕೀಲು ಕೂರಲಿಲ್ಲ. ಆಪರೇಷನ್ ಮಾಡಿ ಚೆಂಡಿನ ಭಾಗವನ್ನೇ ತೆಗೆದ್ರು. ಈಗ ಓಡಾಡ್ತಾನೆ, ಸ್ವಲ್ಪ ಕುಂಟ್ತಾನೆ. ಆ ಕುಂಟು ನನ್ನದು.

4/5
"ದುಡ್ಡೆಲ್ಲಿದೆ?" ಅಂತೀರಿ. ನಿಜ, ಎಕ್ಸ್-ರೇ, ಅರಿವಳಿಕೆ ಎಲ್ಲಾ ಖರ್ಚೇ. ಆದ್ರೆ ಬರ್ತ್‌ಡೇ ಕೇಕ್‌ಗೆ ಹತ್ತು ಜನ ಒಂದು ಗಂಟೆಯಲ್ಲಿ ದುಡ್ಡು ಹಾಕ್ತೀವಲ್ಲ, ಇದಕ್ಕೂ ಹಾಗೇ ಹಾಕೋಣ. ಮೊದಲು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ತಡ ಮಾಡಿದ್ರೆ ಖರ್ಚು ಕಡಿಮೆ ಆಗಲ್ಲ, ಆಪರೇಷನ್ ಬಿಲ್ ಆಗುತ್ತೆ.

5/5
ಗಾಡಿ ಗುದ್ದಿದ ನಾಯಿ ಕಾಲು ಊರ್ತಿಲ್ಲ ಅಂದ್ರೆ:
• ಕಾಲು ಎಳೆದು "ಕೂರಿಸೋಕೆ" ಹೋಗಬೇಡಿ. ಮುರಿದಿದೆಯೋ ಜಾರಿದೆಯೋ ಎಕ್ಸ್-ರೇ ಇಲ್ಲದೆ ಗೊತ್ತಾಗಲ್ಲ.
• ಮನೆಯ ನೋವಿನ ಮಾತ್ರೆ ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.
• ನೋವಲ್ಲಿ ಪಳಗಿದ ನಾಯಿಯೂ ಕಚ್ಚುತ್ತೆ. ಹುಷಾರಾಗಿ, ದಪ್ಪ ಬೆಡ್‌ಶೀಟ್ ಮೇಲೆ ಮಲಗಿಸಿ ಎತ್ತಿ. ಕಚ್ಚಿದ್ರೆ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ.
• ಅವತ್ತೇ ತೋರಿಸಿ. ಎದೆಗೆ, ಹೊಟ್ಟೆಗೆ ಒಳಪೆಟ್ಟೂ ಬಿದ್ದಿರಬಹುದು.

ಸ್ಟೋರಿ ಆಮೇಲೆ ಹಾಕಿ. ಮೊದಲು ಆಟೋ ಕರೀರಿ.