ಬಿ-ಮೆಸಾನಿನ ಅಳತೆ ಮತ್ತು ಶಾಲೆಯ ಪ್ರಯೋಗಪುಸ್ತಕ

ಹೊನ್ನಾವರದ ಎದುರು ದಂಡೆಯ ಕಾಸರಕೋಡಿನಲ್ಲಿ ಶರಾವತಿಯು ಕಡಲನ್ನು ಸೇರುವೆಡೆ ನೀರಿನಡಿಯ ಮರಳ ದಿಬ್ಬಗಳು ಏಳುತ್ತ, ಸರಿಯುತ್ತ ಇರುತ್ತವೆ. ಆ ಅಳಿವೆಯನ್ನು ದಾಟಿ ದಡ ಸೇರಬೇಕಾದ ಮೀನುಗಾರನು ನೀರಿನ ಆಳವನ್ನು ತನ್ನ ಇಷ್ಟಕ್ಕೆ ತಕ್ಕಂತೆ ತಿದ್ದಿಕೊಳ್ಳುವಂತಿಲ್ಲ. ಉಬ್ಬರ ಎಷ್ಟಿದೆ, ತನ್ನ ಅಂದಾಜು ಎಷ್ಟು ತಪ್ಪಿರಬಹುದು ಎಂಬ ಎರಡನ್ನೂ ಅವನು ತೂಗಿ ನೋಡಬೇಕು. ತಪ್ಪಿದರೆ ದೋಣಿಗೂ ಜೀವಕ್ಕೂ ಅಪಾಯ. ಅಳತೆಯೊಡನೆ ಅಳತೆಯ ಮಿತಿಯನ್ನೂ ಅರಿತಿರಬೇಕೆಂಬ ಈ ವಿವೇಕವು ದುಡಿಯುವವರಿಗೆ ಸಹಜವಾದುದು. ಶಾಲೆಯ ಪ್ರಯೋಗಾಲಯದಲ್ಲಿ ಮಾತ್ರ ಅದು ವಿರಳವಾಗಿದೆ.

ಅಲ್ಲಿಯ ರೂಢಿಯನ್ನು ಅಧ್ಯಾಪಕರೆಲ್ಲರೂ ಬಲ್ಲರು. ವಿದ್ಯಾರ್ಥಿಯು ಸರಳ ಲೋಲಕವನ್ನು ತೂಗಬಿಟ್ಟು, ಇಪ್ಪತ್ತು ಆಂದೋಲನಗಳ ಕಾಲವನ್ನು ಗುರುತಿಸಿ, ಗುರುತ್ವ ವೇಗೋತ್ಕರ್ಷವನ್ನು ಗಣಿಸುತ್ತಾನೆ. ಉತ್ತರ 9.3 ಎಂದು ಬಂದರೆ ಅಂಜುತ್ತಾನೆ. ಪಠ್ಯಪುಸ್ತಕದ 9.8ನ್ನು ಮುಂದಿಟ್ಟುಕೊಂಡು, ಕಾಲದ ಅಂಕಿಗಳನ್ನು ಹಿಂದಿನಿಂದ ತಿದ್ದಿ, ಅಂದವಾಗಿ ಬರೆದು ಪೂರ್ಣಾಂಕ ಪಡೆಯುತ್ತಾನೆ. ಇದನ್ನು ಬಾಲಿಶ ತಪ್ಪೆಂದು ಮನ್ನಿಸುವವರು ಉಂಟು. ಆದರೆ ಇದು ವಿಜ್ಞಾನದ ಬುಡಕ್ಕೇ ಕೊಡಲಿ ಹಾಕುವ ಅಭ್ಯಾಸವಾಗಿದೆ. ಅದು ಹೇಗೆಂಬುದನ್ನು ತಿಳಿಯಲು, ಅಳತೆಯ ಕಾಯಕವು ಅತ್ಯಂತ ಕಠಿನವಾಗಿರುವ ಒಂದೆಡೆಯನ್ನು ನೋಡುವುದು ಉಚಿತ.

ಜಪಾನಿನ ಟೋಕಿಯೊ ನಗರಕ್ಕೆ ಅನತಿದೂರದ ತ್ಸುಕುಬಾದಲ್ಲಿ, ನೆಲದಡಿಯ ಸುಮಾರು 3 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ, ಎಲೆಕ್ಟ್ರಾನುಗಳೂ ಅವುಗಳ ಪ್ರತಿಕಣಗಳಾದ ಪಾಸಿಟ್ರಾನುಗಳೂ ಎದುರುಬದುರಾಗಿ ಓಡಿ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯ ಶಕ್ತಿಯನ್ನು ಸರಿಯಾಗಿ ಹೊಂದಿಸಿದಾಗ ಬಿ-ಮೆಸಾನ್ ಎಂಬ ಕಣವೂ ಅದರ ಪ್ರತಿಕಣವೂ ಜೋಡಿಯಾಗಿ ಹುಟ್ಟುತ್ತವೆ. ಪ್ರೋಟಾನಿಗಿಂತ ಐದೂವರೆ ಪಟ್ಟಿಗೂ ಮಿಗಿಲಾಗಿ ತೂಗುವ ಈ ಕಣದ ಆಯುಷ್ಯ ಅತ್ಯಲ್ಪ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅಂಥ ಒಂದೂವರೆ ಪಾಲಿನಷ್ಟು ಕಾಲ ಬಾಳಿ ಅದು ಕ್ಷಯಿಸುತ್ತದೆ.

ಇಷ್ಟು ಕಿರಿದಾದ ಕಾಲವನ್ನು ಯಾವ ಗಡಿಯಾರವೂ ಅಳೆಯಲಾರದು. ಆದುದರಿಂದ ವಿಜ್ಞಾನಿಗಳು ಒಂದು ಉಪಾಯವನ್ನು ಹೂಡಿದರು. 1999ರಲ್ಲಿ ಆರಂಭವಾದ ಬೆಲ್ ಪ್ರಯೋಗದಲ್ಲಿ ಎಲೆಕ್ಟ್ರಾನಿಗೆ 800 ಕೋಟಿ, ಪಾಸಿಟ್ರಾನಿಗೆ 350 ಕೋಟಿ ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿ ನೀಡಲಾಯಿತು. ಹೀಗೆ ಅಸಮವಾಗಿರುವುದರಿಂದ ಹುಟ್ಟಿದ ಜೋಡಿಯು ಬಲವಾದ ದಿಕ್ಕಿನತ್ತ ತಳ್ಳಲ್ಪಡುತ್ತದೆ. ಒಂದು ಕ್ಷಯಿಸಿದ ಬಿಂದುವಿಗೂ ಇನ್ನೊಂದು ಕ್ಷಯಿಸಿದ ಬಿಂದುವಿಗೂ ಸರಾಸರಿ ಮಿಲಿಮೀಟರಿನ ಐದರಲ್ಲೊಂದು ಪಾಲು ಅಂತರ ಬೀಳುತ್ತದೆ. ಕಾಲವನ್ನು ಅಳೆಯಲಾಗದ ಕಡೆ ಅಂತರವನ್ನು ಅಳೆದು ಕಾಲವನ್ನು ತಿಳಿಯುವುದೇ ಈ ಉಪಾಯ.

ಈ ಶ್ರಮಕ್ಕೆ ಕಾರಣವಾದ ಪ್ರಶ್ನೆ ಹಿರಿದು. ಭೌತವಸ್ತುವೂ ಅದರ ಪ್ರತಿವಸ್ತುವೂ ಸರಿಸಮಾನವಾಗಿ ನಡೆದುಕೊಳ್ಳುತ್ತವೆಯೆ? ಮೂರೇ ಬಗೆಯ ಕ್ವಾರ್ಕುಗಳು ತಿಳಿದಿದ್ದ 1973ರಲ್ಲಿ, ಕೊಬಾಯಾಶಿ ಮತ್ತು ಮಾಸ್ಕಾವಾ ಎಂಬ ಜಪಾನೀ ವಿಜ್ಞಾನಿಗಳು ಕ್ವಾರ್ಕುಗಳು ಆರು ಬಗೆಯಾಗಿದ್ದರೆ ಇವೆರಡರ ನಡುವಣ ಭೇದಕ್ಕೆ ಸಹಜ ವಿವರಣೆ ದೊರೆಯುವುದೆಂದು ಹೇಳಿದರು. 2001ರಲ್ಲಿ ಬೆಲ್ ಪ್ರಯೋಗವೂ ಅಮೆರಿಕದ ಬಾಬಾರ್ ಪ್ರಯೋಗವೂ ಬಿ-ಮೆಸಾನುಗಳಲ್ಲಿ ಆ ಭೇದವನ್ನು ಬೇರೆಬೇರೆಯಾಗಿ ಅಳೆದು ತೋರಿಸಿದವು. 2008ರಲ್ಲಿ ಆ ಇಬ್ಬರೂ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. 2010ರಲ್ಲಿ ಬೆಲ್ ಮುಗಿಯುವ ವೇಳೆಗೆ ಅದು ಕಂಡ ಜೋಡಿಗಳು ಸುಮಾರು 77 ಕೋಟಿ.

ಅದರ ಮುಂದಿನ ಅವತಾರವಾದ ಬೆಲ್-2ರ ಒಂದು ಅಳತೆಯು ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ಬಿ-ಮೆಸಾನೊಂದು ಅಪರೂಪಕ್ಕೆ ಕೆಯಾನ್ ಎಂಬ ಕಣವನ್ನೂ ಎರಡು ನ್ಯೂಟ್ರಿನೊಗಳನ್ನೂ ಕೊಟ್ಟು ಕ್ಷಯಿಸುತ್ತದೆ. ನ್ಯೂಟ್ರಿನೊಗಳು ಯಾವ ಗುರುತನ್ನೂ ಬಿಡದೆ ಹೊರಟುಹೋಗುತ್ತವೆ. ಅವನ್ನು ಹಿಡಿಯುವ ಕ್ರಮ ಜಮಾ-ಖರ್ಚಿನ ಲೆಕ್ಕವನ್ನು ಹೋಲುತ್ತದೆ. ಎಲೆಕ್ಟ್ರಾನು ಪಾಸಿಟ್ರಾನುಗಳು ಪೂರ್ತಿಯಾಗಿ ಕರಗುವುದರಿಂದ ಜಮೆಯಾದ ಶಕ್ತಿ ಎಷ್ಟೆಂಬುದು ನಿಖರವಾಗಿ ತಿಳಿದಿರುತ್ತದೆ. ಕಂಡ ಕಣಗಳ ಲೆಕ್ಕವನ್ನು ಅದರಲ್ಲಿ ಕಳೆದರೆ ಕಾಣದೆ ಹೋದುದೆಷ್ಟೆಂಬುದು ಹೊರಬೀಳುತ್ತದೆ. ಸುಮಾರು 39 ಕೋಟಿ ಜೋಡಿಗಳನ್ನು ಜಾಲಾಡಿ, 2023ರಲ್ಲಿ ಆ ತಂಡವು ಫಲಿತಾಂಶವನ್ನು ಪ್ರಕಟಿಸಿತು. ಇಂಥ ಕ್ಷಯವು ಲಕ್ಷಕ್ಕೆ 2.3ರಷ್ಟು, ಅದರಲ್ಲಿ 0.7 ಹೆಚ್ಚು ಕಡಿಮೆ ಇರಬಹುದು. ಸಿದ್ಧಾಂತವು ಹೇಳುವುದು ಲಕ್ಷಕ್ಕೆ ಸುಮಾರು ಅರ್ಧ.

ಸಿದ್ಧಾಂತದ ನಾಲ್ಕು ಪಟ್ಟು! ಜಗತ್ತಿಗೆ ಡಂಗುರ ಸಾರಲು ಇದಕ್ಕಿಂತ ಒಳ್ಳೆಯ ಅವಕಾಶ ಇನ್ನಾವುದು? ಆದರೂ ಆ ತಂಡವು ಇದನ್ನು "ಪುರಾವೆ" ಎಂದಿತೇ ಹೊರತು "ಆವಿಷ್ಕಾರ" ಎನ್ನಲಿಲ್ಲ. ಆಕಸ್ಮಿಕವಾಗಿ ಅಂಥ ಫಲ ಬರುವ ಸಂಭವ ಸುಮಾರು 35 ಲಕ್ಷದಲ್ಲಿ ಒಂದಕ್ಕೆ ಇಳಿಯುವವರೆಗೆ ಆ ದೊಡ್ಡ ಮಾತನ್ನು ಆಡಬಾರದೆಂಬುದು ಈ ಕ್ಷೇತ್ರದ ಕಟ್ಟಳೆ. ಮತ್ತೊಂದು ಕಟ್ಟಳೆ ಇನ್ನೂ ಕಠಿನವಾದುದು. ವಿಶ್ಲೇಷಣೆಯ ಕ್ರಮ ಪೂರ್ಣವಾಗಿ ನಿಶ್ಚಯವಾಗುವವರೆಗೆ ಉತ್ತರ ಅಡಗಿರುವ ಭಾಗವನ್ನು ವಿಜ್ಞಾನಿಗಳು ತಮ್ಮ ಕಣ್ಣಿನಿಂದಲೇ ಮರೆಮಾಡಿಕೊಳ್ಳುತ್ತಾರೆ. ಉತ್ತರ ತಿಳಿದರೆ ಮನಸ್ಸು ಅರಿವಿಲ್ಲದೆಯೇ ಅದರತ್ತ ವಾಲುತ್ತದೆಂಬ ಭಯ ಅವರಿಗಿದೆ. ಶಾಲೆಯ ಹುಡುಗ ಉತ್ತರವನ್ನು ಮೊದಲೇ ನೋಡಿ ಅಳತೆಯನ್ನು ತಿದ್ದುತ್ತಾನೆ. ಅವರು ಅಳತೆ ಕೆಡದಿರಲೆಂದು ಉತ್ತರಕ್ಕೇ ತೆರೆ ಎಳೆಯುತ್ತಾರೆ.

ಈ ಭಯ ನಿರಾಧಾರವಲ್ಲ. ಯುರೋಪಿನ ಸೆರ್ನ್ ಸಂಸ್ಥೆಯಲ್ಲಿ ಪ್ರೋಟಾನುಗಳ ಡಿಕ್ಕಿಯಿಂದ ಬಿ-ಮೆಸಾನುಗಳನ್ನು ಅಭ್ಯಸಿಸುವ ತಂಡವು 2021ರಲ್ಲಿ ಸಿದ್ಧಾಂತಕ್ಕೆ ವಿರುದ್ಧವಾದ ಪುರಾವೆಯೊಂದನ್ನು ಪ್ರಕಟಿಸಿತ್ತು. ಬೇರೆ ಕಣಗಳು ಎಲೆಕ್ಟ್ರಾನುಗಳೆಂದು ಎಣಿಕೆಯಾಗಿದ್ದುದನ್ನು ಅದೇ ತಂಡ ಪತ್ತೆಹಚ್ಚಿ, 2022ರ ಡಿಸೆಂಬರಿನಲ್ಲಿ, ತಿದ್ದಿದ ಅಳತೆಯು ಸಿದ್ಧಾಂತಕ್ಕೆ ಹೊಂದುತ್ತದೆಂದು ತಾನೇ ಸಾರಿತು. ಅದರಿಂದ ಅವರ ಗೌರವ ಕುಗ್ಗಲಿಲ್ಲ.

ಕರ್ನಾಟಕಕ್ಕೂ ಈ ಶಿಸ್ತು ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರ್‌ಹ್ಯಾಮ್ ವಿಜ್ಞಾನಿಗಳೊಡನೆ ಕೂಡಿ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು ಕಂಡರು. ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಆ ಗಣಿಯೊಳಗಿನ ಸಂಶೋಧನೆಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು. 1980ರ ದಶಕದ ಆರಂಭದಲ್ಲಿ ಅಲ್ಲಿಯೇ ಪ್ರೋಟಾನಿನ ಕ್ಷಯವಿರಬಹುದಾದ ಕೆಲವು ಘಟನೆಗಳು ಕಂಡವು. ಅವನ್ನು "ಕ್ಷಯವಿರಬಹುದಾದ ಘಟನೆ"ಗಳೆಂದೇ ಪ್ರಕಟಿಸಲಾಯಿತು. ಹೆಚ್ಚು ದೊಡ್ಡ ಶೋಧಕಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನಿನ ಕ್ಷಯವನ್ನು ಇಂದಿಗೂ ಯಾರೂ ಕಂಡಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಆದರೆ ಅದೇ ಟಾಟಾ ಸಂಸ್ಥೆಯ ಮುಂದಿನ ತಲೆಮಾರು, ಬೆಲ್-2ರಲ್ಲಿ ಕ್ಷಯಬಿಂದುಗಳನ್ನು ಗುರುತಿಸುವ ಸಿಲಿಕಾನ್ ಶೋಧಕದ ನಾಲ್ಕನೆಯ ಪದರವನ್ನು ನಿರ್ಮಿಸಿತು.

ಅರವತ್ತು ಮಕ್ಕಳ ತರಗತಿ, ಹಳೆಯ ಉಪಕರಣಗಳು, ಪರೀಕ್ಷೆಯ ಒತ್ತಡ, ಇವುಗಳ ನಡುವೆ ಇಂಥ ಶಿಸ್ತು ಹೇಗೆ ಸಾಧ್ಯವೆಂದು ಅಧ್ಯಾಪಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಇದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು. ಒಂದೇ ಅಳತೆಯನ್ನು ಹತ್ತು ಸಲ ಮಾಡಿಸಿ ಹತ್ತನ್ನೂ ಬರೆಸಬಹುದು. ಹೊಡೆದುಹಾಕಿದ ಅಂಕಿಯನ್ನು ಅಳಿಸದೆ ಉಳಿಸಬಹುದು. ಕಾರಣ ಸಹಿತವಾಗಿ ಬರೆದ 9.3ಕ್ಕೆ ಕಾರಣವಿಲ್ಲದ 9.8ಕ್ಕಿಂತ ಹೆಚ್ಚು ಅಂಕ ನೀಡಬಹುದು. ಕಾಸರಕೋಡಿನಂಥ ಊರಿನಲ್ಲಿ ಅಳತೆಗೋಲೊಂದನ್ನು ನದಿಯ ದಂಡೆಯಲ್ಲಿ ನೆಟ್ಟು, ಉಬ್ಬರ-ಇಳಿತಗಳನ್ನು ವರ್ಷವಿಡೀ ಮಕ್ಕಳಿಂದ ದಾಖಲಿಸಬಹುದು. ಆ ಉತ್ತರ ಯಾವ ಪಠ್ಯಪುಸ್ತಕದ ಹಿಂಬದಿಯಲ್ಲಿಯೂ ಅಚ್ಚಾಗಿಲ್ಲ. ಆದುದರಿಂದ ತಿದ್ದುವ ಆಮಿಷವೂ ಇಲ್ಲ.

ದಾನಿಗಳು ಪ್ರಯೋಗಾಲಯದ ಕಟ್ಟಡಕ್ಕೂ ಉಪಕರಣಕ್ಕೂ ನೆರವಾಗುವುದು ಸ್ತುತ್ಯ. ಆದರೆ ಹೊಸ ಉಪಕರಣದ ಮುಂದೆ ಕುಳಿತು ಹಳೆಯ ಸುಳ್ಳನ್ನೇ ಬರೆದರೆ ಆ ದಾನ ವ್ಯರ್ಥ. ಪ್ರತಿಯಾಗಿ, ಗೋಡೆ ಬಿರುಕು ಬಿಟ್ಟ ಕೊಠಡಿಯಲ್ಲಿಯೂ ತಾನು ಕಂಡ ಅಂಕಿಯನ್ನು ಕಂಡಂತೆಯೇ ಬರೆದು, ಅದರ ಮಗ್ಗುಲಲ್ಲಿ "ಇಷ್ಟು ತಪ್ಪಿರಬಹುದು" ಎಂದು ಸೇರಿಸುವ ಹುಡುಗಿಯೊಬ್ಬಳು ಸಿದ್ಧಳಾದರೆ, ತ್ಸುಕುಬಾದ ಸುರಂಗದಲ್ಲಿ ನಡೆಯುವ ಕೆಲಸವೇ ಆ ಶಾಲೆಯಲ್ಲಿಯೂ ನಡೆಯಿತೆಂದು ತಿಳಿಯಬೇಕು.