ಪಬ್ ಅಂದ್ರೆ ಡಿಸ್ಕೋ ಅಲ್ಲ ಸ್ವಾಮೀ

ಆನ್‌ಸೈಟ್ ಅಂತ ಇಂಗ್ಲೆಂಡಿಗೆ ಬಂದು, ಒಂದೆರಡು ವರ್ಷ ಇದ್ದು ವಾಪಸ್ ಹೋದ ನಮ್ಮವರನ್ನ ಕೇಳಿ ನೋಡಿ. ಮೂರು ಮಾತು ತಪ್ಪದೇ ಬರುತ್ತೆ. ಒಂದು, ಇಲ್ಲಿನ ಬಿಯರ್ ಬೆಚ್ಚಗಿರುತ್ತೆ, ಗ್ಯಾಸೇ ಇರಲ್ಲ. ಎರಡು, ಇಲ್ಲಿನ ಊಟ ಸಪ್ಪೆ. ಮೂರು, ಪಬ್ ಅನ್ನೋದು ಕುಡುಕರ ಜಾಗ, ಸಂಸಾರಸ್ಥರಿಗಲ್ಲ. "ಯಾವ ಹಳ್ಳಿಯ ಪಬ್ಬಲ್ಲಿ ಕೂತಿದ್ರಿ?" ಅಂತ ತಿರುಗಿಸಿ ಕೇಳಿ. ಶುಕ್ರವಾರ ಸಂಜೆ ಟೀಮಿನವರ ಜೊತೆ ಸ್ಟೇಷನ್ ಪಕ್ಕದ ಯಾವುದೋ ದೊಡ್ಡ ಬಾರಿಗೆ ಹೋಗಿ, ಗದ್ದಲದಲ್ಲಿ ಅರ್ಧ ಗಂಟೆ ನಿಂತು, ಕೋಕ್ ಕುಡಿದು ಬಂದಿರ್ತಾರೆ. ಅಷ್ಟರ ಮೇಲೆ ಒಂದು ದೇಶದ ಬಗ್ಗೆ ತೀರ್ಪು!

ಮೆಜೆಸ್ಟಿಕ್ಕಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಪ್ಲೇಟ್ ಆರಿದ ಇಡ್ಲಿ ತಿಂದು, "ಕರ್ನಾಟಕದ ಅಡುಗೆ ಇಷ್ಟೇ" ಅಂತ ಯಾರಾದ್ರೂ ಹೇಳಿದ್ರೆ ನಾವು ಸುಮ್ನಿರ್ತೀವಾ?

ನಾನು ಮೂರು ವರ್ಷದಿಂದ ಯಾರ್ಕ್‌ಶೈರಿನಲ್ಲಿದೀನಿ. ವಾರವೆಲ್ಲ ಕೋಡು, ಬಿಲ್ಡು, ಮೀಟಿಂಗು. ಶನಿವಾರ ಬಂತು ಅಂದ್ರೆ ಬಸ್ಸು ಹತ್ತಿ ಯಾವುದಾದ್ರೂ ಹಳ್ಳಿಗೆ ಹೋಗಿ, ಹೊಲಗಳ ಮಧ್ಯದ ಕಾಲುದಾರಿಯಲ್ಲಿ ಏಳೆಂಟು ಮೈಲಿ ನಡೆದು, ಆ ಊರಿನ ಪಬ್ಬಲ್ಲಿ ಒಂದು ಪೈಂಟ್ ಏಲ್, ಒಂದು ಊಟ. ಅದಕ್ಕೇ ಈ ಮೂರು ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ.

ಮೊದಲು ಮೂರನೇ ಮಾತು ತಗೊಳ್ಳೋಣ. ತಪ್ಪು ಶುರುವಾಗೋದೇ ಆ ಪದದಿಂದ. 1980ರ ದಶಕದ ಕೊನೆಗೆ ಬೆಂಗಳೂರಿಗೆ ಪಬ್ಬುಗಳು ಬಂದಾಗ ಬಂದದ್ದು ಹೆಸರು ಮತ್ತೆ ನಲ್ಲಿಯ ಬಿಯರ್ ಮಾತ್ರ. ಜೊತೆಗೆ ಮಂದ ಬೆಳಕು, ಕಿವಿ ಕಿತ್ತುಹೋಗೋ ಮ್ಯೂಸಿಕ್ಕು ಸೇರಿಕೊಂಡಿತು. 2009ರ ಜನವರಿಯಲ್ಲಿ ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನ ಹೊಡೆದರಲ್ಲ, ಆಗ ನಾನಿನ್ನೂ ಮಿಡ್ಲ್ ಸ್ಕೂಲು. ಪೇಪರು, ಟಿವಿ ಎಲ್ಲ ಕಡೆ "ಪಬ್ ಸಂಸ್ಕೃತಿ" ಅನ್ನೋ ಮಾತು. ಹೊಡೆದವರನ್ನ ಬಿಟ್ಟು ಆ ಪದವನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ರು. ಅವತ್ತಿನಿಂದ ಕನ್ನಡದಲ್ಲಿ ಅದೊಂದು ಬಯ್ಗುಳ.

ಪಬ್ ಅಂದ್ರೆ ಪಬ್ಲಿಕ್ ಹೌಸ್. ಊರವರೆಲ್ಲ ಬಂದು ಕೂರೋ ಮನೆ. ಎಷ್ಟೋ ಹಳ್ಳಿಗಳಲ್ಲಿ ಅದನ್ನ ನಡೆಸೋರು ಮೇಲಿನ ಮಹಡಿಯಲ್ಲೇ ಸಂಸಾರ ಮಾಡ್ಕೊಂಡಿರ್ತಾರೆ. ತಲೆಗೆ ತಾಗೋ ತೊಲೆಗಳು, ಚಳಿಗಾಲದಲ್ಲಿ ಉರಿಯೋ ಒಲೆ, ಅದರ ಮುಂದೆ ಕಾಲು ಚಾಚಿ ಮಲಗಿರೋ ಯಾರದ್ದೋ ನಾಯಿ. ಒಂದು ಮೂಲೇಲಿ ಪದಬಂಧ ಬಿಡಿಸ್ತಿರೋ ಅಜ್ಜಿ. ಇನ್ನೊಂದು ಕಡೆ ಮಕ್ಕಳ ಜೊತೆ ಊಟಕ್ಕೆ ಬಂದಿರೋ ಗಂಡ ಹೆಂಡತಿ. ಹಾಡು ಹಾಕಿರಲ್ಲ, ಹಾಕಿದ್ರೂ ಮಾತಿಗೆ ಅಡ್ಡ ಬರಲ್ಲ. ಕುಡಿಯದವರು ಟೀ ತಗೋತಾರೆ, ಶುಂಠಿ ಬಿಯರ್ ತಗೋತಾರೆ (ಅದರಲ್ಲಿ ಅಮಲಿಲ್ಲ, ಗಾಬರಿಯಾಗಬೇಡಿ), ಯಾರೂ ಕೇಳಲ್ಲ. ಇದಕ್ಕೆ ನಮ್ಮಲ್ಲಿ ಹೋಲಿಕೆ ಹುಡುಕೋದಾದ್ರೆ ಬಾರ್ ಅಂಡ್ ರೆಸ್ಟೋರೆಂಟ್ ಕಡೆ ಹೋಗಬೇಡಿ, ಊರ ಅರಳಿಕಟ್ಟೆ ನೆನಪು ಮಾಡ್ಕೊಳ್ಳಿ. ಆದ್ರೆ ಒಂದು ವ್ಯತ್ಯಾಸ ಇದೆ. ನಮ್ಮ ಕಟ್ಟೆ ಮೇಲೆ ಹೆಂಗಸರು ಕೂರೋದನ್ನ ನಾನಂತೂ ನೋಡಿಲ್ಲ. ಇಲ್ಲಿ ಕೂರ್ತಾರೆ.

ಈಗ ಬೆಚ್ಚಗಿನ ಬಿಯರ್ ವಿಷಯ. ಅದು ಬೆಚ್ಚಗಿರಲ್ಲ ಮಾರಾಯ್ರೇ! ನೆಲಮಾಳಿಗೆಯ ತಂಪು, 11ರಿಂದ 13 ಡಿಗ್ರಿ ಸೆಲ್ಸಿಯಸ್. ಫ್ರಿಜ್ ನೀರಿಗೂ ಮಡಿಕೆ ನೀರಿಗೂ ಇರೋ ವ್ಯತ್ಯಾಸ ಗೊತ್ತಿರೋ ಜನ ನಾವು, ನಮಗೆ ಇದನ್ನ ವಿವರಿಸಬೇಕಾ? ನಾಲಿಗೆ ಮರಗಟ್ಟೋ ಹಾಗೆ ತಣ್ಣಗೆ ಮಾಡಿದ್ರೆ ಮಾಲ್ಟಿನ ರುಚಿಯೂ ಗೊತ್ತಾಗಲ್ಲ, ಹಾಪ್ಸ್ ಹೂವಿನ ಕಹಿಯೂ ಗೊತ್ತಾಗಲ್ಲ.

ಗ್ಯಾಸ್ ಕಮ್ಮಿ ಇರೋದಕ್ಕೂ ಕಾರಣ ಇದೆ. ಬ್ರೂವರಿಯಿಂದ ಪೀಪಾಯಿ ಹೊರಡುವಾಗ ಅದರೊಳಗಿನ ಯೀಸ್ಟ್ ಇನ್ನೂ ಜೀವಂತ. ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ದೋಸೆ ಹಿಟ್ಟಿನ ಹಾಗೆ ಹುದುಗ್ತಾ ಇರುತ್ತೆ. ಅಲ್ಲಿ ತಾನಾಗೇ ಹುಟ್ಟಿದ ಗ್ಯಾಸೇ ಅದರ ಗ್ಯಾಸು, ಸಿಲಿಂಡರ್ ಹಚ್ಚಿ ತುಂಬಿದ್ದಲ್ಲ. ಪೀಪಾಯಿಯ ಮೇಲಿನ ತೂತಿಗೆ ಸಣ್ಣ ಮರದ ಬೆಣೆ ಬಡಿದು ಎಷ್ಟು ಗ್ಯಾಸ್ ಹೊರಗೆ ಬಿಡಬೇಕು ಅಂತ ನೋಡೋದು, ಗಸಿ ಕೆಳಗೆ ಕೂರೋ ತನಕ ಕಾಯೋದು, ಪೈಪು ತೊಳೆಯೋದು, ಆಮೇಲೆ ಕೈಪಂಪಲ್ಲಿ ಎಳೆದು ಗ್ಲಾಸಿಗೆ ಬಿಡೋದು. ಬ್ರೂವರಿ ಅರ್ಧ ಕೆಲಸ ಮಾಡಿದ್ರೆ ಉಳಿದರ್ಧ ಪಬ್ಬಿನವನದ್ದು. ಅದಕ್ಕೇ ಒಂದೇ ಏಲ್ ಒಂದು ಊರಲ್ಲಿ ಅದ್ಭುತ, ಪಕ್ಕದ ಊರಲ್ಲಿ ಹುಳಿ.

ಒಮ್ಮೆ ತೆರೆದ ಪೀಪಾಯಿ ಹೆಚ್ಚು ಕಮ್ಮಿ ಮೂರು ದಿನದಲ್ಲಿ ಖಾಲಿಯಾಗಬೇಕು. ಇಲ್ಲಾಂದ್ರೆ ಕೆಡುತ್ತೆ. ಸಾಮಾನ್ಯವಾಗಿ ಬರೋ ಪೀಪಾಯಿಗೆ ಫರ್ಕಿನ್ ಅಂತಾರೆ: 9 ಗ್ಯಾಲನ್, ಅಂದ್ರೆ 72 ಪೈಂಟ್. ಈ ಲೆಕ್ಕ ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1960ರ ದಶಕದಲ್ಲಿ ಇಲ್ಲಿನ ದೊಡ್ಡ ಬ್ರೂವರಿಗಳಿಗೆ ಈ ತಾಪತ್ರಯವೇ ಬೇಡ ಅನ್ನಿಸ್ತು. ಸೋಸಿ, ಬಿಸಿ ಮಾಡಿ, ಯೀಸ್ಟನ್ನ ಕೊಂದು, ಗ್ಯಾಸ್ ತುಂಬಿದ ಕೆಗ್ ಬಿಯರನ್ನ ದೇಶ ತುಂಬ ಹರಡಿದ್ರು. ಕೆಡಲ್ಲ, ಕಷ್ಟ ಇಲ್ಲ, ರುಚಿಯೂ ಇಲ್ಲ. 1971ರಲ್ಲಿ ರಜಕ್ಕೆ ಐರ್ಲೆಂಡಿಗೆ ಹೋಗಿದ್ದ ನಾಲ್ಕು ಜನ ಹುಡುಗರು ಇದರ ವಿರುದ್ಧ ಒಂದು ಸಂಘ ಕಟ್ಟಿದ್ರು. ಅದೇ ಕಾಮ್ರಾ. ಇವತ್ತು ಹಳ್ಳಿ ಪಬ್ಬಲ್ಲಿ ಕೈಪಂಪು ಕಾಣ್ತಿದೆ ಅಂದ್ರೆ ಅದರಲ್ಲಿ ಅವರ ಪಾಲು ದೊಡ್ಡದು. ಯಾರೋ ಬೀದಿಗಿಳಿದು ಉಳಿಸಿಕೊಂಡ ರುಚಿಯನ್ನ ನಾವು "ಸ್ವಲ್ಪ ಐಸ್ ಹಾಕಿ" ಅಂತೀವಿ.

ಇನ್ನೊಂದು ಮಾತು. ಇಲ್ಲಿನ ಸಾಮಾನ್ಯ ಬಿಟರ್ ಏಲಿನಲ್ಲಿ ಅಮಲು ಶೇ. 3.5ರಿಂದ 4ರಷ್ಟು. ನಮ್ಮೂರಲ್ಲಿ ಸ್ಟ್ರಾಂಗ್ ಅಂತ ಮಾರೋದು ಶೇ. 8ರ ತನಕ ಹೋಗುತ್ತೆ. ಬೇಗ ತಲೆಗೇರಲಿ ಅಂತ ಕುಡಿಯೋದಕ್ಕೂ, ಒಂದು ಪೈಂಟ್ ಹಿಡಿದು ಒಂದು ಗಂಟೆ ಮಾತಾಡೋದಕ್ಕೂ ವ್ಯತ್ಯಾಸ ಇದೆ. ಕುಡಿತ ಮನೆ ಹಾಳು ಮಾಡುತ್ತೆ ಅನ್ನೋದು ಇಲ್ಲಿಗೂ ಸತ್ಯ, ನಾನು ಅಲ್ಲ ಅಂತಿಲ್ಲ. ಅರ್ಧ ಪೈಂಟೂ ಸಿಗುತ್ತೆ. ಕಾರು ತಂದಿದ್ರೆ ಅದೂ ಬೇಡ.

ಸಪ್ಪೆ ಊಟದ ಮಾತಿಗೆ ಬರೋಣ. ನಾನು ಸಸ್ಯಾಹಾರಿ, ಹಾಗಾಗಿ "ನೀನು ಮಾಂಸ ತಿಂತೀಯ, ನಿನಗೇನು" ಅನ್ನೋ ವಾದ ನನ್ನ ಹತ್ರ ನಡೆಯಲ್ಲ. ಪ್ಲೋಮನ್ಸ್ ಲಂಚ್ ಅಂತ ಒಂದಿದೆ, ನೇಗಿಲು ಹಿಡಿಯೋನ ಊಟ. ಆ ಹೆಸರನ್ನ ಮೆರೆಸಿದ್ದು 1950ರ ದಶಕದ ನಂತರ ಚೀಸ್ ಮಾರೋರ ಪ್ರಚಾರ, ನಿಜ. ಆದ್ರೆ ಬ್ರೆಡ್ಡು, ಚೀಸು, ಬಿಯರ್ ಜೊತೆಗೂಡಿದ್ದು ಅದಕ್ಕಿಂತ ಎಷ್ಟೋ ಹಳೇದು. ಗಟ್ಟಿ ಸಿಪ್ಪೆಯ ಬ್ರೆಡ್ಡು, ನಾಲಿಗೆ ಕಚ್ಚೋ ಹಳೇ ಚೆಡ್ಡಾರ್, ವಿನೆಗರಲ್ಲಿ ನೆನೆಸಿದ ಈರುಳ್ಳಿ, ಕಂದು ಬಣ್ಣದ ಹುಳಿಸಿಹಿ ಪಿಕಲ್, ಒಂದು ಹೋಳು ಸೇಬು. ಎಂಟು ಮೈಲಿ ನಡೆದು ಬಂದು ಇದನ್ನ ತಿಂದು ನೋಡಿ, ಆಮೇಲೆ ಸಪ್ಪೆ ಅನ್ನಿ. ಇಂಗ್ಲಿಷ್ ಸಾಸಿವೆಯನ್ನ ಒಂದು ಚಮಚ ಬಾಯಿಗೆ ಹಾಕ್ಕೊಂಡು ಖಾರ ಇಲ್ಲ ಅಂತ ಹೇಳೋ ಗಂಡಸನ್ನ ನಾನಿನ್ನೂ ನೋಡಿಲ್ಲ :-) ಚೀಸ್-ಈರುಳ್ಳಿ ಪೈ, ಲೀಕ್-ಆಲೂಗಡ್ಡೆ ಸೂಪು, ಕೊನೆಗೆ ಬಿಸಿ ಕಸ್ಟರ್ಡ್ ಸುರಿದ ಆಪಲ್ ಕ್ರಂಬಲ್. ಮಾಂಸ ತಿನ್ನೋ ನನ್ನ ಸ್ನೇಹಿತರು ಭಾನುವಾರದ ರೋಸ್ಟಿಗೆ ವಾರ ಮುಂಚೆಯೇ ಟೇಬಲ್ ಹೇಳಿಡ್ತಾರೆ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಏಲನ್ನ ತಿಳಿ ಮಾಡೋಕೆ ಎಷ್ಟೋ ಬ್ರೂವರಿಗಳು ಐಸಿಂಗ್ಲಾಸ್ ಹಾಕ್ತಾರೆ, ಅದು ಮೀನಿನ ಗಾಳಿಚೀಲದಿಂದ ತೆಗೆದದ್ದು. ಅದಿಲ್ಲದ ಏಲೂ ಈಗ ಸಿಗುತ್ತೆ. ಕೌಂಟರಲ್ಲಿ ಕೇಳಿ, ಹೇಳ್ತಾರೆ.

ಕೆಟ್ಟ ಊಟ ಕೊಡೋ ಪಬ್ಬುಗಳಿಲ್ವಾ? ಬೇಕಾದಷ್ಟಿವೆ. ನಾಲ್ಕು ಪುಟದ ಮೆನು ಕಂಡ್ರೆ ಎಲ್ಲಾ ಫ್ರೀಜರಿನಿಂದ ಮೈಕ್ರೋವೇವಿಗೆ ಹೋಗಿ ಬರೋದು ಅಂತ ತಿಳ್ಕೊಳ್ಳಿ. ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಐದಾರು ಹೆಸರು ಬರೆದಿದ್ರೆ ಧೈರ್ಯವಾಗಿ ಕೂತ್ಕೊಳ್ಳಿ. ಇನ್ನೊಂದು ಕಾಟ ಇದೆ, ನನಗೆ ಮೈಕ್ರೋವೇವಿಗಿಂತ ಹೆಚ್ಚು ಕೋಪ ಬರೋದು ಇದರ ಮೇಲೆ. 1991ರಲ್ಲಿ ಲಂಡನ್ನಿನ ದಿ ಈಗಲ್ ಪಬ್ಬಿನಿಂದ ಗ್ಯಾಸ್ಟ್ರೋಪಬ್ ಅನ್ನೋ ಮಾತು ಹುಟ್ಟಿತು. ಒಳ್ಳೇ ಊಟವನ್ನ ಪಬ್ಬಲ್ಲೇ ಕೊಡೋಣ ಅನ್ನೋದು ಅಲ್ಲಿನ ಯೋಚನೆ, ತಪ್ಪಿಲ್ಲ. ಆದ್ರೆ ಅದನ್ನ ನೋಡಿ ಎಷ್ಟೋ ಹಳ್ಳಿ ಪಬ್ಬುಗಳು ಎಲ್ಲಾ ಮೇಜಿಗೂ ಬಿಳಿ ನ್ಯಾಪ್ಕಿನ್ ಹಾಕಿ, ಎಲ್ಲಾ ಕುರ್ಚಿಗೂ ರಿಸರ್ವ್ಡ್ ಚೀಟಿ ಇಟ್ಟವು. ಬರೀ ಒಂದು ಪೈಂಟ್ ಕುಡಿಯೋಕೆ ಬಂದ ಊರಿನ ರೈತ ಎಲ್ಲಿ ಕೂರಬೇಕು? ಅಂಥ ಜಾಗ ಪಬ್ಬಿನ ಬೋರ್ಡು ಹಾಕಿದ ರೆಸ್ಟೋರೆಂಟ್ ಅಷ್ಟೇ.

ಈಗ ಅಸಲಿ ವಿಷಯ. ಈ ಶತಮಾನ ಶುರುವಾದಾಗ ಬ್ರಿಟನ್ನಿನಲ್ಲಿ ಸುಮಾರು 60 ಸಾವಿರ ಪಬ್ಬುಗಳಿದ್ವು. ಈಗ ಸುಮಾರು 45 ಸಾವಿರ. "ಜನ ಬರ್ತಿಲ್ಲ, ಅದಕ್ಕೇ ಮುಚ್ತಿವೆ" ಅನ್ನೋದು ಅರ್ಧ ಸತ್ಯ. ಸೂಪರ್ ಮಾರ್ಕೆಟ್ಟಲ್ಲಿ ಬಿಯರ್ ಅಗ್ಗ, ಪಬ್ಬಿನ ಕರೆಂಟು ಬಿಲ್ಲು 2022ರಲ್ಲಿ ಗಗನಕ್ಕೇರಿತು, ಎಲ್ಲಾ ಹೌದು. ಉಳಿದರ್ಧ ಮಾಲೀಕರ ಕಥೆ. 1989ರಲ್ಲಿ ಸರ್ಕಾರ, ದೊಡ್ಡ ಬ್ರೂವರಿಗಳ ಹಿಡಿತ ತಪ್ಪಿಸೋಕೆ, ಅವರು ಇಟ್ಕೊಳ್ಳಬಹುದಾದ ಪಬ್ಬುಗಳಿಗೆ ಮಿತಿ ಹಾಕಿತು. ಒಳ್ಳೇ ಉದ್ದೇಶ. ಆದ್ರೆ ಬ್ರೂವರಿಗಳು ಬಿಟ್ಟ ಪಬ್ಬುಗಳನ್ನ ಸಾವಿರಗಟ್ಟಲೆ ಕೊಂಡಿದ್ದು ಬಿಯರನ್ನೇ ಮಾಡದ ಕಂಪನಿಗಳು. ಪಬ್ ನಡೆಸೋನು ಅವರಿಗೆ ಬಾಡಿಗೆಯೂ ಕೊಡಬೇಕು, ಬಿಯರನ್ನೂ ಅವರಿಂದಲೇ, ಅವರು ಹೇಳಿದ ರೇಟಿಗೇ ಕೊಳ್ಳಬೇಕು. ಇದಕ್ಕೊಂದು ಕಾನೂನಿನ ಕಡಿವಾಣ ಬರೋಕೆ 2016 ಆಯ್ತು. ಅಷ್ಟರಲ್ಲಿ ಎಷ್ಟೋ ಪಬ್ಬುಗಳು ಮನೆಗಳಾಗಿದ್ವು. ಪಬ್ಬಾಗಿ ನಡೆಸೋದಕ್ಕಿಂತ ಮನೆ ಮಾಡಿ ಮಾರಿದ್ರೆ ಹೆಚ್ಚು ಕಾಸು.

ಸ್ಟಾಫರ್ಡ್‌ಶೈರಿನ ಹಿಮ್ಲಿಯಲ್ಲಿ ಕ್ರುಕೆಡ್ ಹೌಸ್ ಅಂತ ಪಬ್ಬಿತ್ತು. ಕೆಳಗಿನ ಗಣಿಯಿಂದಾಗಿ ನೆಲ ಕುಸಿದು ಒಂದು ಕಡೆ ವಾಲಿಕೊಂಡ 18ನೇ ಶತಮಾನದ ಕಟ್ಟಡ. 2023ರ ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು. ಎರಡೇ ದಿನದಲ್ಲಿ, ಅನುಮತಿ ಇಲ್ಲದೆ, ಬುಲ್ಡೋಜರ್ ತಂದು ನೆಲಸಮ ಮಾಡಿದ್ರು. ಜನ ಎಷ್ಟು ಸಿಟ್ಟಿಗೆದ್ರು ಅಂದ್ರೆ, 2024ರ ಫೆಬ್ರವರಿಯಲ್ಲಿ ಕೌನ್ಸಿಲ್ "ಇದ್ದ ಹಾಗೇ ಮತ್ತೆ ಕಟ್ಟಿ" ಅಂತ ಆದೇಶ ಕೊಟ್ಟಿತು. ಕುಡುಕರ ಅಡ್ಡೆಯೊಂದು ಬಿದ್ದು ಹೋದ್ರೆ ಯಾರಾದ್ರೂ ಹೀಗೆ ಸಿಟ್ಟಾಗ್ತಾರಾ?

ಉಳಿಸಿಕೊಂಡವರೂ ಇದಾರೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನೋ ಊರವರು 2003ರಲ್ಲಿ ದುಡ್ಡು ಹಾಕಿ ತಮ್ಮ ಓಲ್ಡ್ ಕ್ರೌನ್ ಪಬ್ಬನ್ನ ಸಹಕಾರಿ ಸಂಘದ ಹೆಸರಲ್ಲಿ ಕೊಂಡ್ರು. ನಮ್ಮ ಯಾರ್ಕ್‌ಶೈರಿನ ಹಡ್ಸ್‌ವೆಲ್‌ನಲ್ಲಿ 2008ರಲ್ಲಿ ಮುಚ್ಚಿದ ಜಾರ್ಜ್ ಅಂಡ್ ಡ್ರ್ಯಾಗನ್ ಪಬ್ಬನ್ನ ಊರವರು 2010ರಲ್ಲಿ ಕೊಂಡು ತೆರೆದ್ರು. ಅದರಲ್ಲೇ ಒಂದು ಪುಟ್ಟ ಅಂಗಡಿ, ಒಂದು ಲೈಬ್ರರಿ. 2016ರಲ್ಲಿ ಕಾಮ್ರಾದವರು ಕೊಡೋ ದೇಶದ ಅತ್ಯುತ್ತಮ ಪಬ್ ಪ್ರಶಸ್ತಿ ಈ ಹಳ್ಳಿಗೇ ಬಂತು. ಹಾಲಿನ ಡೇರಿಯನ್ನ ಊರವರೇ ಸಂಘ ಮಾಡಿ ನಡೆಸೋದನ್ನ ನೋಡಿ ಬೆಳೆದ ನಮಗೆ ಇದು ಅರ್ಥ ಆಗಬೇಕು.

ಕೊನೆಗೆ ಒಂದು ಆಕ್ಷೇಪ ಉಳಿಯುತ್ತೆ, ಇದನ್ನ ನಾನು ಹಗುರವಾಗಿ ತಳ್ಳಿ ಹಾಕಲ್ಲ. "ನಮ್ಮ ಬಣ್ಣದವರು ಹಳ್ಳಿ ಪಬ್ಬಿನ ಬಾಗಿಲು ತೆಗೆದ್ರೆ ಎಲ್ಲರೂ ತಿರುಗಿ ನೋಡ್ತಾರೆ." ಹೌದು, ಕೆಲವು ಕಡೆ ನೋಡ್ತಾರೆ. ಹಿಂದೆ ನೋಡೋದಷ್ಟೇ ಅಲ್ಲ, ಒಳಗೇ ಬಿಡ್ತಿರಲಿಲ್ಲ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಕಾರ್ಖಾನೆ ಊರು ಸ್ಮೆಥಿಕ್‌ನಲ್ಲಿ, ಹಗಲೆಲ್ಲ ಫೌಂಡ್ರಿಯಲ್ಲಿ ದುಡಿದ ಪಂಜಾಬಿಗಳಿಗೆ ಎಷ್ಟೋ ಪಬ್ಬುಗಳಲ್ಲಿ ಬಿಳಿಯರ ಕೋಣೆಯಲ್ಲಿ ಕೂರೋ ಹಾಗಿರಲಿಲ್ಲ. ಅವತಾರ್ ಸಿಂಗ್ ಜೌಹಲ್ ಮತ್ತು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನವರು ಅಂಥ ಪಬ್ಬುಗಳಿಗೇ ಹೋಗಿ, ಕೂತು, ಜಗಳ ಆಡಿದ್ರು. 1965ರ ಫೆಬ್ರವರಿಯಲ್ಲಿ ಅಮೆರಿಕದ ಮಾಲ್ಕಂ ಎಕ್ಸ್ ಬಂದು ಇದನ್ನ ನೋಡಿ ಹೋದ್ರು. ಅದೇ ವರ್ಷ ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ಬಾಗಿಲು ಹಾಕೋದು ಕಾನೂನಿಗೆ ವಿರುದ್ಧ ಅಂತಾಯ್ತು. ಆಮೇಲೆ ಆ ಸೀಮೆಯ ಎಷ್ಟೋ ಪಬ್ಬುಗಳನ್ನ ಪಂಜಾಬಿಗಳೇ ತಗೊಂಡು ನಡೆಸಿದ್ರು, ಇವತ್ತಿಗೂ ನಡೆಸ್ತಿದಾರೆ.

ಅವರು ಜಗಳ ಆಡಿ ಗಿಟ್ಟಿಸಿದ ಕುರ್ಚಿ ಅದು. ನಾವು ಲ್ಯಾಪ್‌ಟಾಪ್ ಬ್ಯಾಗು ಹಿಡ್ಕೊಂಡು ಬಂದವರು, ಆ ಕುರ್ಚಿಯಲ್ಲಿ ಒಮ್ಮೆಯೂ ಕೂರದೆ, ಬಿಯರ್ ಬೆಚ್ಚಗಿದೆ ಅಂತ ಊರಿಗೆ ಹೋಗಿ ಹೇಳ್ತೀವಿ.

ಇಲ್ಲಿರೋ ಕನ್ನಡದವರಿಗೆ ನಾನು ಹೇಳೋದು ಇಷ್ಟೇ. ಮುಂದಿನ ಶನಿವಾರ ಮಾಲಿಗೆ ಹೋಗಬೇಡಿ. ಬಸ್ಸು ಹೋಗೋ ಒಂದು ಹಳ್ಳಿ ನೋಡ್ಕೊಳ್ಳಿ. ಕೌಂಟರಿಗೆ ಹೋಗಿ ನೀವೇ ಕೇಳಿ ತಗೋಬೇಕು, ಮೇಜಿನ ಹತ್ರ ಯಾರಾದ್ರೂ ಬರ್ತಾರೆ ಅಂತ ಕಾಯಬೇಡಿ. ಯಾವ ಏಲ್ ಅಂತ ಗೊತ್ತಾಗದಿದ್ರೆ ರುಚಿ ನೋಡೋಕೆ ಒಂದು ಗುಟುಕು ಕೇಳಿ, ಸಾಮಾನ್ಯವಾಗಿ ಕೊಡ್ತಾರೆ. ಪಕ್ಕದ ಮೇಜಿನ ನಾಯಿಯನ್ನ ಮಾತಾಡಿಸಿ, ಅದರ ಯಜಮಾನ ತಾನಾಗೇ ಮಾತಿಗೆ ಬರ್ತಾನೆ. ಬೈಯೋದಿದ್ರೆ ಆಮೇಲೆ ಬೈಯಿರಿ, ಕೇಳ್ತೀನಿ.

ಆದ್ರೆ ಬೇಗ ಹೋಗಿ. ಆ ಪೀಪಾಯಿಯಲ್ಲಿ 72 ಪೈಂಟ್ ಇದೆ, ಅದಕ್ಕಿರೋದು ಮೂರೇ ದಿನ.