ಅರಣ್ಯದ ಕಾವಲು ಯಾರದು?

ರಾಷ್ಟ್ರದ ಅರಣ್ಯಗಳು ಪ್ರಜೆಗಳ ಸೊತ್ತು. ಅವುಗಳನ್ನು ಕಾಯುವ ಹೊಣೆಹೊತ್ತ ಅರಣ್ಯ ಖಾತೆಯು ಆ ಸೊತ್ತಿನ ಒಡೆಯನಲ್ಲ, ವಿಶ್ವಸ್ತ ಮಾತ್ರ. ಕೇಳಲು ಸರಳವಾದ ಈ ತತ್ತ್ವವು ಆಚರಣೆಯಲ್ಲಿ ಎಷ್ಟು ಕಠಿಣವಾದುದೆಂಬದನ್ನರಿಯಲು ನಮ್ಮ ವಾಚಕರು ದೂರ ಹೋಗಬೇಕಾದುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಇತಿಹಾಸವನ್ನು ನೋಡಿದರೆ ಸಾಕು.

ಈ ಭಾಗವು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸ್ಥಳವಾಗಿದೆ. ಪಡುವಣದ ಮುಂಡಗೋಡದ ಕಡೆಯಿಂದ ಇಳಿದು ಬರುವ ಧರ್ಮಾ ನದಿಯು ಹಾನಗಲ್ಲ ತಾಲೂಕಿನ ಕೆರೆಗಳಿಗೆ ನೀರುಣಿಸಿ ವರದೆಯನ್ನು ಕೂಡುತ್ತದೆ. ಮೇಲಿನ ಕಾಡು ಬೋಳಾದರೆ ಕೆಳಗಿನ ಕೆರೆ ಹೂಳು ತುಂಬುವದು; ಕೆರೆ ಹೂಳಾದರೆ ರೈತನ ಗದ್ದೆ ಒಣಗುವದು. ಆದುದರಿಂದ ಅರಣ್ಯದ ಪ್ರಶ್ನೆಯು ಇಲ್ಲಿ ಅನ್ನದ ಪ್ರಶ್ನೆಯೇ ಆಗಿದೆ.

ಪರಕೀಯ ಸರಕಾರವು 1878 ಮತ್ತು 1927ರ ಅರಣ್ಯ ಕಾನೂನುಗಳ ಬಲದಿಂದ ಕಾಡಿನ ಮೇಲೆ ತನ್ನ ಒಡೆತನವನ್ನು ಸ್ಥಾಪಿಸಿತು. ಹುಲ್ಲು ಸೌದೆಗಳಿಗಾಗಿ ರೈತನು ಪರವಾನಿಗೆ ಬೇಡುವಂತಾಯಿತು. 1930ರಲ್ಲಿ ಕರ್ನಾಟಕದಲ್ಲಿ ನಡೆದ ಜಂಗಲ್ ಸತ್ಯಾಗ್ರಹಕ್ಕೂ, ಹಿರೇಕೆರೂರಿನ ಹೆಸರನ್ನು ದೇಶಕ್ಕೆ ತಿಳಿಸಿದ ಕರನಿರಾಕರಣೆಗೂ ಮೂಲವು ಒಂದೇ: ಕೇಳದೆ ಆಳುವವನಿಗೆ ಪ್ರಜೆಯು ತಲೆಬಾಗಲಾರನು.

ಸ್ವರಾಜ್ಯ ಬಂದಮೇಲಾದರೂ ಕೇಳಿ ಆಳುವ ರೂಢಿ ಬಂದಿತೇ? 1984ರಲ್ಲಿ ಕರ್ನಾಟಕ ಸರಕಾರವು ಹರಿಹರದ ಪಾಲಿಫೈಬರ್ಸ್ ಕಾರಖಾನೆಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಕಟ್ಟಿತು. ಸರಕಾರದ ಪಾಲು ನೂರಕ್ಕೆ 51, ಕಾರಖಾನೆಯದು 49. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ ಗಾಯರಾಣ ಮೊದಲಾದ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಎಕರೆಗೆ ವರ್ಷಕ್ಕೆ ಒಂದು ರೂಪಾಯಿಯಂತೆ 40 ವರ್ಷಗಳ ಮಟ್ಟಿಗೆ ಕೊಡುವ ಯೋಜನೆಯಾಯಿತು. ಆ ಭೂಮಿಯಲ್ಲಿ ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಹಳ್ಳಿಗರನ್ನು ಯಾರೂ ಕೇಳಲಿಲ್ಲ. ದನ ಮುಟ್ಟದ ಎಲೆಯ ಮರವು ದನ ಮೇಯುವ ನೆಲವನ್ನು ನುಂಗತೊಡಗಿತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಹಳ್ಳಿಗರ ಪಕ್ಷವನ್ನು ವಹಿಸಿತು. ಶಿವರಾಮ ಕಾರಂತರು ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು; 1987ರಲ್ಲಿ ತಡೆಯಾಜ್ಞೆಯೂ ದೊರೆಯಿತು. ಅದೇ ವರ್ಷದ ನವೆಂಬರ 14ರಂದು ಹಾನಗಲ್ಲ ತಾಲೂಕಿನ ಕೂಸನೂರಿನಲ್ಲಿ ನೆರೆದ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಹಣ್ಣಿನ ಮತ್ತು ಮೇವಿನ ಗಿಡಗಳನ್ನು ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹವೆಂದು ಅದು ಪ್ರಸಿದ್ಧವಾಯಿತು. 1991ರಲ್ಲಿ ಸರಕಾರವು ಆ ಸಂಸ್ಥೆಯನ್ನು ಮುಚ್ಚುವ ನಿರ್ಣಯ ಕೈಕೊಂಡಿತು. ಕಿತ್ತವರು ಹಚ್ಚಿಯೂ ಹೋದರೆಂಬದನ್ನು ನಾವು ಮರೆಯಲಾಗದು. ಅದು ವಿಧ್ವಂಸವಲ್ಲ, ಖಾತೆಗೆ ಕಲಿಸಿದ ಪಾಠ.

ಪಾಠವು ಪೂರ್ಣ ವ್ಯರ್ಥವಾಗಲಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾರಖಾನೆಗಳ ಅವಶ್ಯಕತೆಗಿಂತ ಸ್ಥಳೀಯ ಜನರ ಅವಶ್ಯಕತೆಯನ್ನು ಮುಂದಿಟ್ಟಿತು. 1993ರಲ್ಲಿ ಕರ್ನಾಟಕವು ಗ್ರಾಮ ಅರಣ್ಯ ಸಮಿತಿಗಳ ಪದ್ಧತಿಯನ್ನು ತಂದಿತು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವದನ್ನು ಸರಕಾರವೇ ನಿಷೇಧಿಸಿತು. ಕೂಸನೂರಿನ ರೈತನು 1987ರಲ್ಲಿ ಅರಿತುದನ್ನು ರಾಜಧಾನಿಯು ಅರಿಯಲು 30 ವರ್ಷಗಳು ಹಿಡಿದವು!

ಅರಣ್ಯ ಖಾತೆಯ ಶಾಸ್ತ್ರವೇ ತಪ್ಪೆಂದು ನಾವು ಹೇಳುವದಿಲ್ಲ. ಪ್ರತಿ ಅರಣ್ಯ ವಿಭಾಗಕ್ಕೂ ಸಾಮಾನ್ಯವಾಗಿ ಹತ್ತು ವರ್ಷಗಳ ಕಾರ್ಯಯೋಜನೆಯಿರುತ್ತದೆ. ಬಡ್ಡಿಯನ್ನು ಉಣ್ಣಬೇಕು, ಗಂಟನ್ನು ಮುಟ್ಟಬಾರದೆಂಬದೇ ಅದರ ಸಾರ. ಅತಿಕ್ರಮಣ ಮಾಡಿ ಕಾಡನ್ನು ಹೊಲವಾಗಿಸುವವರು ನಮ್ಮಲ್ಲಿಯೂ ಇದ್ದಾರೆ. ಅವರೆದುರು ಒಬ್ಬನೇ ನಿಲ್ಲುವ ಅರಣ್ಯ ರಕ್ಷಕನ ಕಷ್ಟವು ಸಣ್ಣದಲ್ಲ. ಆದರೆ ಊರೇ ಬೆನ್ನಿಗಿಲ್ಲದ ರಕ್ಷಕನು ಎಷ್ಟು ಗಿಡಗಳನ್ನು ಕಾದಾನು? ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯಲ್ಲಿ ಕಿಲಾರಿ ದನಗಳ ಸಾಕಣೆಯೂ ನವಿಲುಗಳ ರಕ್ಷಣೆಯೂ ಒಟ್ಟಿಗೆ ಸಾಗಿವೆ. ಸವಣೂರಿನ ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ಶತಮಾನಗಳಿಂದ ಕಾದುದು ಬೇಲಿಯಲ್ಲ, ಊರಿನ ಭಕ್ತಿ.

ಆದುದರಿಂದ ನಮ್ಮ ಬೇಡಿಕೆಗಳು ಮೂರೇ. ಸಾಮೂಹಿಕ ಭೂಮಿಯಲ್ಲಿ ಸಸಿ ಹಚ್ಚುವ ಮೊದಲು ಯಾವ ಸಸಿಯೆಂಬದನ್ನು ಗ್ರಾಮಸಭೆಯು ನಿರ್ಣಯಿಸಲಿ. ಸಮಿತಿಯ ಆಯವ್ಯಯವನ್ನು ವರ್ಷಕ್ಕೊಮ್ಮೆ ಅದೇ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಕಾರ್ಯಯೋಜನೆಯ ಪ್ರತಿಯು ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜನರ ಕೈಗೆ ಸಿಗುವಂತಿರಲಿ. ಇವುಗಳಿಗೆ ಹೊಸ ಕಾನೂನು ಬೇಡ, ಹೆಚ್ಚಿನ ಹಣವೂ ಬೇಡ. ಅಧಿಕಾರಿಗಳ ಮನಸ್ಸು ಬೇಕು, ನಮ್ಮ ಪಟ್ಟಣಿಗರ ಎಚ್ಚರ ಬೇಕು.

ಹುಲ್ಲು ಬೆಳೆಯುವ ಕಾವಲಿಗೂ ಕಾಯುವ ಕಾವಲಿಗೂ ಕನ್ನಡದಲ್ಲಿ ಶಬ್ದವೊಂದೇ. ಮೇಯುವವರನ್ನು ಹೊರಗಿಟ್ಟು ಕಾಯುತ್ತೇವೆಂಬವರು ಈ ಮಾತನ್ನು ನೆನೆಯಬೇಕು.